ದೂರದ ಕಾವಲು

ಅರಸೀಕೆರೆಯ ಕೊಬ್ಬರಿ ಮಂಡಿಯ ಹಿಂದೆ
ನಾಟಕದ ಕಂಪನಿ ಕ್ಯಾಂಪು ಹಾಕಿದ ವರ್ಷ
ನನಗೆ ಒಂಬತ್ತು. ಅವ್ವ
ರಾಜರ ನಿಲುವಂಗಿ, ದೂತರ ಪಂಚೆ
ಒಂದೇ ಬಾನಿಯಲ್ಲಿ ಒಗೆಯುತ್ತಿದ್ದಳು.

ಸೀನರಿ ಬರೆಯುವ ದಸ್ತಗೀರ್ ಸಾಬರಿಗೆ
ದಾರದ ಇನ್ನೊಂದು ತುದಿಗೆ ಒಂದು ಕೈ ಬೇಕಿತ್ತು.
ಹಿಡಿದೆ.
ಹಲಗೆಗೆ ಬಿಗಿದ ಬಟ್ಟೆಯ ನಡುವೆ ಅಲ್ಲ,
ತುಸು ಎಡಕ್ಕೆ, ತುಸು ಕೆಳಕ್ಕೆ ಒಂದು ಮೊಳೆ ಹೊಡೆದರು.
ಅವ್ವನ ಬಟ್ಟೆ-ನೀಲಿಯನ್ನೇ ದಾರಕ್ಕೆ ಸವರಿ
ಮೀಟಿದರು. ಟಪ್.
ಒಂದು ಗೆರೆ. ಟಪ್. ಇನ್ನೊಂದು.
ಕಂಬದ ತಲೆ, ಕಂಬದ ಬುಡ, ನೆಲದ ಚೌಕ, ಚಾವಣಿಯ ತೊಲೆ
ಎಲ್ಲ ಓಡೋಡಿ ಬಂದು
ಆ ಮೊಳೆಯ ಕುತ್ತಿಗೆಗೆ ಬಿದ್ದವು.

"ಅಲ್ಲಿಗೇ ಯಾಕೆ ಹೋಗ್ಬೇಕು?" ಅಂದೆ.
ಸಂಜೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಸಿ
ಬೀರೂರಿನ ಕಡೆ ಬೆರಳು ತೋರಿಸಿದರು.
"ಹಳಿ ಎರಡೂ ಅಲ್ಲಿ ಕೂಡ್ತವಾ?"
"ಕೂಡ್ತವೆ."
"ಕೂಡಿದ್ರೆ ಗಾಡಿ ಬೀಳ್ತದೆ ಮರೀ.
ಕೂಡಲ್ಲ. ಕೂಡಿದ ಹಾಗೆ ಕಾಣ್ತವೆ.
ಆ 'ಹಾಗೆ'ಯಲ್ಲೇ ನನ್ನ ಅನ್ನ."

ಮುಂದಿನ ಪರದೆಯಿಂದ ಹಿಂದಿನ ತಗಡಿಗೆ
ಇದ್ದದ್ದು ಹದಿನಾಲ್ಕು ಅಡಿ.
ಅಷ್ಟರಲ್ಲೇ ಅರ್ಧ ಮೈಲಿ ಅರಮನೆ.
ಹಿಂದೆ ಹೋದಂತೆ ಕಂಬ ಗಿಡ್ಡ, ನೆಲ ಏರು,
ಕೊನೇ ಬಾಗಿಲು ನನ್ನೆತ್ತರಕ್ಕಿಂತ ಗೇಣು ಹೆಚ್ಚು.
ರಾಜಪಾರ್ಟಿನ ಹಾಲಪ್ಪನವರಿಗೆ ಕಟ್ಟಪ್ಪಣೆ:
ಎರಡನೇ ಕಂಬ ದಾಟಕೂಡದು.
ಒಂದು ರಾತ್ರಿ ಕುಡಿದು ದಾಟಿದರು.
ಹೆಜ್ಜೆಗೊಂದು ಮೊಳ ಬೆಳೆಯುತ್ತ
ಮಹಾರಾಜ ರಾಕ್ಷಸನಾದ, ತೊಲೆಗೆ ಕಿರೀಟ ಸಿಕ್ಕಿಕೊಂಡಿತು,
ಜನ ಎದ್ದು ನಿಂತು ಒನ್ಸ್ ಮೋರ್ ಅಂದರು.

ಆ ಬಾಗಿಲಿಗೊಬ್ಬ ಕಾವಲುಗಾರ ಬೇಕಿತ್ತು, ದೂರದವನು.
ಸಾಬರು ನನ್ನನ್ನು ಅಲ್ಲಿ ನಿಲ್ಲಿಸಿ
ಒಂದು ಕಣ್ಣು ಮುಚ್ಚಿ ನೋಡಿದರು.
ಕಾಡಿಗೆಯ ಮೀಸೆ, ಬೇಗಡೆ ಸುತ್ತಿದ ಭರ್ಜಿ,
ಮುಖಕ್ಕೆ ಚೂರು ನೀಲಿ.
"ಹಿರೇಕಲ್ಲು ಗುಡ್ಡ ಹತ್ರ ಹೋದ್ರೆ ಹಸಿರು, ಇಲ್ಲಿಂದ?"
ರಾತ್ರಿಗೆ ಎಂಟಾಣೆ, ಅಲುಗಾಡಬಾರದು.
ಹೀಗೆ ನಾನು, ಒಗೆಯುವವಳ ಮಗಳು,
ಅರ್ಧ ಮೈಲಿ ಆಚೆಯ ಗಂಡಸಾದೆ.
ರಾಣಿ ಅಳುವಾಗ ಅವಳ ರವಿಕೆಯ ಪಿನ್ನು
ಕೈ ಚಾಚಿದರೆ ಸಿಗುತ್ತಿತ್ತು.

ಮೊದಲ ರಾತ್ರಿ ಎಣ್ಣೆ ಹಚ್ಚಿ ಮೀಸೆ ಒರೆಸುತ್ತಿದ್ದ ಅವ್ವ
ಕೈ ತಡೆದಳು:
"ಅಷ್ಟು ದೂರ ಯಾಕೆ ಹೋಗಿದ್ದೆ?
ಕೂಗಿದ್ರೆ ಕೇಳ್ತಿತ್ತಾ?"
ಆ ಪರದೆಯ ಹಿಂದೆಯೇ ಹಗ್ಗ ಕಟ್ಟಿ
ದಿನಾ ಬಟ್ಟೆ ಒಣಹಾಕುವವಳು!

ಮೂರನೇ ಸಾಲಿನ ನಡುಗುರ್ಚಿಯ ಕಂಟ್ರಾಕ್ಟರು ಮಾತ್ರ
"ಕಂಬ ಯಾಕ್ರೀ ವಾಲಿದಾವೆ?" ಅಂತ ಗೊಣಗುವರು.
"ಬಣ್ಣ ಒಣಗಿಲ್ಲ ಸ್ವಾಮಿ" ಅನ್ನುವರು ಸಾಬರು.
ಎರಡು ತಿಂಗಳಾದರೂ ಒಣಗಲಿಲ್ಲ.

ಒಂದು ಮಧ್ಯಾಹ್ನ ಖಾಲಿ ಟೆಂಟಿನಲ್ಲಿ
ಒಂದೊಂದೇ ಜಾಗದಲ್ಲಿ ಕೂತು ನೋಡಿದೆ.
ಕುರ್ಚಿಯಿಂದ ಸೊಟ್ಟ.
ಬೆಂಚಿನಿಂದ ಪರವಾಗಿಲ್ಲ.
ಎಡಮೂಲೆಯ ಈಚಲು ಚಾಪೆ, ನಾಲ್ಕಾಣೆ ಹೆಂಗಸರ ಜಾಗ,
ಅವ್ವ ಕಾಲು ನೀಡಿ ಕೂರುವಲ್ಲಿ
ಕೂತೆ.
ಕಂಬಗಳು ಬೆನ್ನು ನೆಟ್ಟಗೆ ಮಾಡಿಕೊಂಡವು.
ನೆಲ ಮಲಗಿತು. ಬಾಗಿಲ ತನಕ
ತಣ್ಣಗೆ ಗಾಳಿ ನಡೆದುಹೋಯಿತು.
ಸಾಬರನ್ನು ಕೇಳಲಿಲ್ಲ;
ಕೇಳಿದ್ದರೆ ಬಣ್ಣ ಒಣಗಿಲ್ಲ ಅನ್ನುತ್ತಿದ್ದರು.

ಯುಗಾದಿ ಹೊತ್ತಿಗೆ ಎರಡು ಇಂಚು ಬೆಳೆದಿದ್ದೆ.
ಬಾಗಿಲಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ,
ಬಹಳ ಹೊತ್ತು ನೋಡಿ ಭರ್ಜಿ ಇಸಕೊಂಡರು.
"ನೀನು ಬೆಳೆದ್ರೆ ಅರಮನೆ ಕುಗ್ತದೆ ಮರೀ."
ಅಡುಗೆಯವರ ಮಗನಿಗೆ ಮೀಸೆ ಬರೆದರು.

ಅವತ್ತು ರಾತ್ರಿ ಅವ್ವನ ಪಕ್ಕ, ಚಾಪೆಯಲ್ಲಿ.
ಎಲ್ಲೋ ದೂರದಲ್ಲಿ ಒಬ್ಬ ಕಾವಲುಗಾರ
ಮೂಗು ಕೆರೆದುಕೊಂಡ.
"ನೋಡು, ಅಲ್ಲಾಡ್ತಾನೆ" ಅಂದಳು ಅವ್ವ.
ಕಡಲೆಕಾಯಿ ಸುಲಿಸುಲಿದು ನನ್ನ ಕೈಗೆ ಹಾಕುತ್ತಿದ್ದಳು,
ಕಣ್ಣು ಮಾತ್ರ
ಆ ಬಾಗಿಲಲ್ಲೇ.